ಲ್ಯಾಪ್‌ಟಾಪ್ ಹಾಡಿನ್ಯಾಗ 'ಗುಂಯ್' ಸದ್ದು: ಅನುಭವ ಇದ್ದವರು ಹೇಳ್ರಿ

ಹುಬ್ಬಳ್ಳಿ ವಿದ್ಯಾನಗರದಿಂದ:
ನಮಸ್ಕಾರ್ರಿ. ಅಪ್ಪಾರು ರಿಟೈರ್ ಆದಮ್ಯಾಲೆ ದಿನಾ ಮುಂಜಾನೆ ಲ್ಯಾಪ್‌ಟಾಪಿನ್ಯಾಗ ಹಳೇ ಹಿಂದೂಸ್ತಾನಿ ಹಾಡು ಹಚ್ತಾರ. ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಹಳೇ ಆಂಪ್ಲಿಫೈಯರ್, ಅದಕ್ಕ ಎರಡು ಸ್ಪೀಕರ್. ಹಾಡು ನಿಂತಾಗೂ 'ಗುಂಯ್' ಅಂತದ. ತಂಬೂರಿ ಒಂದು ಕಡೆ, ಇದು ಇನ್ನೊಂದು ಕಡೆ. "ಇದ್ಯಾವ ಶ್ರುತಿಯೋ ಮಾರಾಯಾ" ಅಂತ ಅಪ್ಪಾರು ನಗ್ತಾರ. ಹಾಡಿನ ದನಿನೂ ಗಡಿಗಿ ಒಳಗಿಂದ ಬಂದಂಗ ಕೇಳ್ತದ. ಅಂಗಡಿಯವರು ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡೋ ಡಬ್ಬಿ) ತಗೋರಿ ಅಂದ್ರು. ತಗೋಬೇಕೋ, ಬ್ಯಾಡೋ?

ಧಾರವಾಡ ಸಪ್ತಾಪುರದಿಂದ:
ರೊಕ್ಕ ಬಿಚ್ಚೂಕಿಂತ ಮೊದಲ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲೆ ಒಂದು ಹಾಡು ಹಚ್ಚಿ ನೋಡ್ರಿ. ಗುಂಯ್ ಹೋತು ಅಂದ್ರ ಅದು ಅರ್ಥಿಂಗ್ ತಕರಾರು. ನಮ್ಮಲ್ಲಿ ಲ್ಯಾಪ್‌ಟಾಪ್ ಒಂದು ಗ್ವಾಡಿ ಬೋರ್ಡಿಗೆ, ಆಂಪ್ಲಿಫೈಯರ್ ಎದುರಿನ ಗ್ವಾಡಿಗೆ ಇತ್ತು. ಎರಡೂ ಅರ್ಥ್ ವೈರ್, ನಡುವ ಆಡಿಯೊ ವೈರ್, ಹಿಂಗ ಒಂದು ಸುತ್ತು ಆಗ್ತದ. ಆ ಸುತ್ತಿನ್ಯಾಗ ಮನಿ ಕರೆಂಟಿನ 50 ಹರ್ಟ್ಸ್ ಹರದಾಡ್ತದ. ಅಪ್ಪಾರ ಪ್ರಶ್ನೆಗೆ ಉತ್ತರ ಬೇಕಂದ್ರ, ಹಾರ್ಮೋನಿಯಂ ಬಿಳಿ ಐದರ ಖರ್ಜ (ತಗ್ಗಿನ ದನಿ), ಒಂದು ಕೂದಲೆಳಿ ಏರು!

ಎರಡೂ ಪ್ಲಗ್ ಒಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ವಿ, ಅರ್ಧ ಹೋತು. ಉಳಿದದ್ದು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದ ಮ್ಯಾಲೆ ಹೋತು. ಒಳಗ ಸಣ್ಣ ಟ್ರಾನ್ಸ್‌ಫಾರ್ಮರ್ ಇರೋ ಡಬ್ಬಿ ಅದು. ತೀರಾ ಸಸ್ತಾದ್ದು ತಗೊಂಡ್ರ ಖರ್ಜ ಸ್ವಲ್ಪ ತೆಳ್ಳಗಾಗ್ತದ. ಯುಎಸ್‌ಬಿ ಡ್ಯಾಕಿನಿಂದ ಈ ಸದ್ದು ಹೋಗೇ ಹೋಗ್ತದ ಅಂತ ನಂಬಬ್ಯಾಡ್ರಿ, ಯುಎಸ್‌ಬಿ ವೈರಿನ್ಯಾಗೂ ಗ್ರೌಂಡ್ ಇರ್ತದಲ್ಲ, ಆ ಸುತ್ತು ಹಂಗ ಉಳೀಬಹುದು.

ನಮ್ಮ ಓಣಿಯಾಂವ ಒಬ್ಬ ಪ್ಲಗ್ಗಿನ ಮೂರನೇ ಪಿನ್, ಅಂದ್ರ ಅರ್ಥ್ ಪಿನ್, ಮುರದು ಒಗೀರಿ ಅಂದಿದ್ದ. ಸದ್ದು ಹೋಗ್ತದ ಖರೆ. ಆಂಪ್ಲಿಫೈಯರಿನ ಹೊರಗಿನ ಡಬ್ಬಿಗೆ ಕರೆಂಟ್ ಹೊಡದ ದಿನ ಮುಟ್ಟಿದವರೂ ಹೋಗ್ತಾರ.

ಗದಗ ಬೆಟಗೇರಿಯಿಂದ:
ನನಗ ಆ ಗಡಿಗಿ ದನಿ ಮ್ಯಾಲೆ ಸಂಶಯ ಐತಿ. ಗಂಗೂಬಾಯಿಯವರ ಹಳೇ 78 ಸುತ್ತಿನ ರೆಕಾರ್ಡ್ ಯಾವುದರ ಇದ್ರ ಹಚ್ರಿ. ಅವೆಲ್ಲಾ ಮೋನೋ, ಅಂದ್ರ ಎರಡೂ ಸ್ಪೀಕರಿಗೆ ಒಂದ ದನಿ. ಎರಡೂ ಸ್ಪೀಕರಿನ ನಡುವ ಕುಂತ್ರ ದನಿ ಸೀದಾ ಎದುರಿನಿಂದ ಬರಬೇಕು. ಆಕಡಿ ಈಕಡಿ ಹರವಿಕೊಂಡು, ಮುಖ ಇಲ್ಲದಂಗ ಕೇಳಿತು ಅಂದ್ರ ಒಂದು ಸ್ಪೀಕರಿನ ಕೆಂಪು-ಕರಿ ವೈರ್ ಉಲ್ಟಾ ಆಗಿರತೈತಿ. ಒಂದು ಮುಂದ ದೂಡಿದಾಗ ಇನ್ನೊಂದು ಹಿಂದ ಜಗ್ಗತೈತಿ, ಖರ್ಜದ ಸ್ವರ ಗಾಳ್ಯಾಗ ಕಳಕೊಂತಾವ. ಆಂಪ್ಲಿಫೈಯರ್ ಬಂದ್ ಮಾಡಿ ಒಂದು ಕಡೆದು ಮಾತ್ರ ಅದಲುಬದಲು ಮಾಡ್ರಿ.

ಇನ್ನ ಸ್ಪೀಕರ್ ಮೂಲಿಗೆ ಒತ್ತಿ ಇಟ್ಟಿದ್ರ ಮುಂದ ಎಳೀರಿ, ಕಿವಿ ಎತ್ತರಕ್ಕ ಇಡ್ರಿ. ನಾನು ಎದುರಿನ ಖಾಲಿ ಗ್ವಾಡಿಗೆ ನಮ್ಮ ಅಮ್ಮನ ಕೌದಿ ತೂಗ ಹಾಕೇನಿ. ಚಪ್ಪಾಳಿ ಹೊಡದ್ರ ಮೊದಲು 'ಟರ್ರ್' ಅಂತಿತ್ತು, ಈಗ ಇಲ್ಲ. ಬಂದವರು ಇದೇನು ಒಣಾ ಹಾಕೀರೇನ್ರಿ ಅಂತಾರ, ಅನ್ಲಿ ಬಿಡ್ರಿ.

ಹಾವೇರಿಯಿಂದ:
ಸೌಂಡ್ ಸೆಟ್ಟಿಂಗಿನ್ಯಾಗ ಎನ್‌ಹಾನ್ಸ್‌ಮೆಂಟ್ (ದನಿ ತಾನ ಬದಲು ಮಾಡೋ ಸೆಟ್ಟಿಂಗ್) ಬಂದ್ ಮಾಡ್ರಿ. ಲ್ಯಾಪ್‌ಟಾಪ್ ವಾಲ್ಯೂಮ್ ಮ್ಯಾಲಿಟ್ಟು ಆಂಪ್ಲಿಫೈಯರಿನ್ಯಾಗ ಕಮ್ಮಿ ಇಟ್ರ 'ಸುಯ್' ಅನ್ನೋದೂ ಕಮ್ಮಿ ಆಗತೈತಿ. ಮತ್ತ ನನ್ನಂಗ 128 ಕೆಬಿಪಿಎಸ್ ಎಂಪಿ3 (ಸಣ್ಣ ಮಾಡೂ ಮುಂದ ಸ್ವಲ್ಪ ದನಿ ಕಳಕೊಂಡ ಫೈಲ್) ಎಲ್ಲಾ ಫ್ಲ್ಯಾಕ್ (ಏನೂ ಕಳೀದಂಗ ಇಡೋ ಫೈಲ್) ಮಾಡಾಕ ಹೋಗಬ್ಯಾಡ್ರಿ. ಎರಡು ರಾತ್ರಿ ನಿದ್ದಿ ಕೆಟ್ಟೆ. ಫೈಲ್ ದಪ್ಪ ಆದ್ವು, ಕಳದ ಸ್ವರ ಕಳದಂಗ ಉಳದ್ವು.

ಹುಬ್ಬಳ್ಳಿ ವಿದ್ಯಾನಗರದಿಂದ, ರವಿವಾರ:
ಎಲ್ಲಾರಿಗೂ ಶರಣ್ರಿ. ಗದಗದವರು ಹೇಳಿದ್ದ ಖರೆ. ದೀಪಾವಳಿಗೆ ಸುಣ್ಣ ಹಚ್ಚೂ ಮುಂದ ವೈರ್ ಬಿಚ್ಚಿದ್ವಿ, ನಾನ ಉಲ್ಟಾ ಹಾಕಿದ್ದೆ. ಚಾರ್ಜರ್ ಕಿತ್ರ ಗುಂಯ್ ಕೂಡ ಬಂದ್. ಸದ್ಯ ಬ್ಯಾಟರಿ ಮ್ಯಾಲೆ ಕೇಳ್ತಾರ, ಐಸೊಲೇಟರ್ ತರಿಸೇನಿ. ಅಪ್ಪಾರು ಏನೂ ಅನ್ನಲಿಲ್ಲ, ಚಹಾ ಆರಿದ್ದು ಗೊತ್ತಾಗದ ಹಂಗ ಕುಂತಿದ್ರು. ಈಗ ಖರ್ಜ ಬಂದದಲ್ಲ, ಶೋಕೇಸಿನ ಗಾಜು ಕಿರ್ ಅನ್ನಾಕ ಹತ್ತೇದ. ಸಂದಿಗೆ ಪೇಪರ್ ಮಡಚಿ ತುರುಕೇನಿ.