ಅದೇ ಲ್ಯಾಪ್‌ಟಾಪ್, ಅದೇ ಬ್ರಿಡ್ಜ್: ವಿಂಡೋಸ್‌ನಲ್ಲಿ ಟಾರ್ ಓಡುತ್ತದೆ, ಡೆಬಿಯನ್‌ನಲ್ಲಿ 2%ಕ್ಕೆ ನಿಲ್ಲುತ್ತದೆ

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಡೆಬಿಯನ್ ಲಿನಕ್ಸ್ ಎರಡೂ ಇವೆ. ಹಾಸ್ಟೆಲಿನ ವೈಫೈಯಲ್ಲಿ ಟಾರ್ ಜಾಲಕ್ಕೆ (ರಿಲೇ ಎಂಬ ಹಲವು ನಡುಗಣಕಗಳ ಮೂಲಕ ಸಾಗಿಸಿ ಬಳಕೆದಾರರ ಗುರುತು ಮರೆಸುವ ಜಾಲ) ನೇರ ಸಂಪರ್ಕ ಸಿಗುವುದಿಲ್ಲವಾದ್ದರಿಂದ, ಟಾರ್ ಪ್ರಾಜೆಕ್ಟ್‌ನಿಂದ ಇಮೇಲ್ ಮೂಲಕ ಓಬಿಎಫ್‌ಎಸ್4 ಬ್ರಿಡ್ಜ್‌ನ (ಬಹಿರಂಗ ಪಟ್ಟಿಯಲ್ಲಿಲ್ಲದ, ಸಂಚಾರದ ರೂಪ ಮರೆಸುವ ಪ್ರವೇಶದ ರಿಲೇ) ಸಾಲುಗಳನ್ನು ತರಿಸಿಕೊಂಡಿದ್ದೇನೆ. ವಿಂಡೋಸ್‌ನ ಟಾರ್ ಬ್ರೌಸರ್‌ನಲ್ಲಿ ಆ ಸಾಲುಗಳನ್ನು ಹಾಕಿದ ಕೂಡಲೇ ಸಂಪರ್ಕ ದೊರೆಯುತ್ತದೆ. ಡೆಬಿಯನ್‌ನಲ್ಲಿ ಅವೇ ಸಾಲುಗಳನ್ನು ಟಾರ್‌ಆರ್‌ಸಿ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಬರೆದು, ಯೂಸ್‌ಬ್ರಿಡ್ಜಸ್ 1 ಎಂದು ಸೇರಿಸಿ, ಓಬಿಎಫ್‌ಎಸ್4 ಪ್ಲಗಿನ್‌ನ ದಾರಿಯನ್ನೂ ಸೂಚಿಸಿ ಸೇವೆಯನ್ನು ಮರಳಿ ಆರಂಭಿಸಿದರೆ ಸಂಪರ್ಕದ ಪ್ರಗತಿ 2%ಕ್ಕೆ ನಿಂತುಬಿಡುತ್ತದೆ. ಡೆಬಿಯನ್‌ನಲ್ಲಿಯೇ ಟಾರ್ ಬ್ರೌಸರ್ ಇಳಿಸಿಕೊಂಡು ನೋಡಿದಾಗಲೂ ಫಲಿತಾಂಶ ಇದೇ.

ಸಿಸ್ಟಮ್‌ಸಿಟಿಎಲ್‌ನಲ್ಲಿ ಟಾರ್ ಸೇವೆಯ ಸ್ಥಿತಿಯನ್ನು ಕೇಳಿದರೆ "ಆ್ಯಕ್ಟಿವ್ (ಎಕ್ಸಿಟೆಡ್)" ಎಂದು ತೋರಿಸುತ್ತದೆ. ಸೇವೆಯೇ ನಿಂತುಹೋಗಿದೆ ಎಂದು ಇದರ ಅರ್ಥವೇ? ಉಳಿದ ಎಲ್ಲ ಜಾಲತಾಣಗಳೂ ತೊಂದರೆಯಿಲ್ಲದೆ ತೆರೆದುಕೊಳ್ಳುತ್ತಿವೆ. ಬ್ರಿಡ್ಜ್ ಹಾಳಾಗಿದೆ ಎನ್ನಲು ವಿಂಡೋಸ್‌ನ ಅನುಭವ ಬಿಡುವುದಿಲ್ಲ, ಹಾಸ್ಟೆಲಿನ ತಡೆ ಎನ್ನಲೂ ಅದೇ ಅಡ್ಡ ಬರುತ್ತದೆ.

ಉತ್ತರ 1: ಕಡತಶೋಧಕ

ಮೊದಲು ಸೇವೆಯ ಗೊಂದಲವನ್ನು ಬಗೆಹರಿಸೋಣ. ಡೆಬಿಯನ್‌ನಲ್ಲಿ ಟಾರ್ ಎಂಬ ಹೆಸರಿನ ಸೇವೆ ಬರಿಯ ಮೇಲ್ವಿಚಾರಕ. ಅದು ತನ್ನ ಕೆಲಸ ಮುಗಿಸಿ ಹೊರಬರುವುದೇ ಸರಿಯಾದ ನಡವಳಿಕೆ. ನಿಜವಾಗಿ ಓಡುವುದು "ಟಾರ್@ಡಿಫಾಲ್ಟ್" ಎಂಬ ಇನ್ನೊಂದು ಸೇವೆ. ಜರ್ನಲ್‌ಸಿಟಿಎಲ್‌ನಲ್ಲಿ ಆ ಹೆಸರನ್ನು ಕೊಟ್ಟು ಲಾಗ್ ನೋಡಿ.

ಇನ್ನು 2% ಎಂಬ ಅಂಕಿ ಸಾಕಷ್ಟು ಹೇಳುತ್ತದೆ. 1% ಎಂದರೆ ಟಾರ್ ತನ್ನ ಪ್ಲಗಿನ್ನನ್ನು ಸಂಪರ್ಕಿಸುತ್ತಿದೆ ಎಂದೂ, 2% ಎಂದರೆ ಪ್ಲಗಿನ್ ಸಿಕ್ಕಿದೆ ಎಂದೂ, 10% ಎಂದರೆ ಆಚೆಯ ರಿಲೇ ಸಿಕ್ಕಿದೆ ಎಂದೂ ಅರ್ಥ. ಆದ್ದರಿಂದ ಪ್ಲಗಿನ್‌ನ ದಾರಿ ತಪ್ಪಿದೆ ಎಂಬ ಸಂದೇಹವನ್ನೂ, ಅದನ್ನು ಆ್ಯಪ್‌ಆರ್ಮರ್ ಎಂಬ ಲಿನಕ್ಸ್‌ನ ಭದ್ರತಾ ವ್ಯವಸ್ಥೆ ತಡೆಯುತ್ತಿದೆ ಎಂಬ ಸಂದೇಹವನ್ನೂ ಕೈಬಿಡಬಹುದು. ಹಾಗಿದ್ದರೆ ಪ್ಲಗಿನ್ ಆರಂಭವೇ ಆಗದೆ ಲಾಗ್‌ನಲ್ಲಿ ಬೇರೆಯೇ ದೂರು ಕಾಣಿಸುತ್ತಿತ್ತು. ಬ್ರಿಡ್ಜ್‌ನ ಸಾಲು ನಕಲು ಮಾಡುವಾಗ ಎರಡು ಸಾಲಾಗಿ ಮುರಿದಿದೆಯೇ ಎಂದು ಪರಿಶೀಲಿಸಿ. ವಿಳಾಸ, ಪೋರ್ಟ್, 40 ಅಕ್ಷರಗಳ ಬೆರಳಚ್ಚು, ಸರ್ಟ್ (ಬ್ರಿಡ್ಜ್‌ನ ಕೀಲಿಯ ಮಾಹಿತಿ), ಐಎಟಿ-ಮೋಡ್ ಇವೆಲ್ಲ ಒಂದೇ ಸಾಲಿನಲ್ಲಿರಬೇಕು. ಸರ್ಟ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋದರೂ ಸಂಪರ್ಕ ಆಗುವುದಿಲ್ಲ. ಅಲ್ಲಿಯೂ ಎಲ್ಲ ಸರಿಯಿದ್ದರೆ ಟಾರ್ ತನ್ನ ಮಾಹಿತಿಯನ್ನು ಇಡುವ ವಾರ್-ಲಿಬ್-ಟಾರ್ ಕೋಶವನ್ನು ಅಳಿಸಿ ಹೊಸದಾಗಿ ಆರಂಭಿಸಬಹುದು.

ಉತ್ತರ 2: ಹಳೆಗಣಕ

ಕಡತಶೋಧಕರು ಅಂಕಿಯನ್ನು ಸರಿಯಾಗಿಯೇ ಓದಿದ್ದಾರೆ, ಆದರೆ ಅವರ ಕೊನೆಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಆ ಕೋಶದಲ್ಲಿರುವ ಸ್ಟೇಟ್ ಕಡತದಲ್ಲಿ ಟಾರ್ ತಾನು ಆರಿಸಿಕೊಂಡ ಪ್ರವೇಶದ ಗಾರ್ಡ್‌ಗಳನ್ನು (ಮೊದಲ ರಿಲೇಗಳನ್ನು) ನೆನಪಿಟ್ಟುಕೊಂಡಿರುತ್ತದೆ. ನೇರ ಸಂಪರ್ಕದಲ್ಲಿ ಒಂದೇ ಗಾರ್ಡನ್ನು ತಿಂಗಳುಗಟ್ಟಲೆ ಬಳಸುವುದಕ್ಕೆ ಕಾರಣವಿದೆ: ಗಾರ್ಡ್ ಬದಲಾದಷ್ಟೂ ಸಂಚು ಮಾಡುವವರ ರಿಲೇ ಒಂದಲ್ಲ ಒಂದು ಸಲ ಮೊದಲ ಸ್ಥಾನಕ್ಕೆ ಬರುವ ಸಾಧ್ಯತೆ ಹೆಚ್ಚುತ್ತದೆ. ಬ್ರಿಡ್ಜ್ ಬಳಸುವಾಗ ಆ ಸ್ಥಾನದಲ್ಲಿ ಬ್ರಿಡ್ಜೇ ಇರುತ್ತದೆ ಎಂಬುದು ನಿಜ. ಆದರೂ ಏನೇ ತೊಂದರೆಯಾದರೂ ಕೋಶವನ್ನು ಅಳಿಸುವ ಅಭ್ಯಾಸ ಒಳ್ಳೆಯದಲ್ಲ.

ತುಂಗಾತೀರ ಅವರೇ, ಟರ್ಮಿನಲ್‌ನಲ್ಲಿ ಗಡಿಯಾರದ ಸ್ಥಿತಿ ತೋರಿಸುವ ಟೈಮ್‌ಡೇಟ್‌ಸಿಟಿಎಲ್ ಎಂದಷ್ಟೇ ಕೊಟ್ಟು, ಬಂದ ಉತ್ತರವನ್ನು ಪೂರ್ತಿಯಾಗಿ ಇಲ್ಲಿ ಹಾಕಿ. ಪರದೆಯ ಗಡಿಯಾರ ಸರಿಯಿದೆಯೋ ಇಲ್ಲವೋ ಎಂಬುದು ನನಗೆ ಬೇಕಿಲ್ಲ.

ಮರುನುಡಿ: ತುಂಗಾತೀರ

ಬ್ರಿಡ್ಜ್‌ನ ಸಾಲು ಮುರಿದಿಲ್ಲ. ಟಾರ್@ಡಿಫಾಲ್ಟ್‌ನ ಲಾಗ್‌ನಲ್ಲಿ "ಜನರಲ್ ಸಾಕ್ಸ್ ಸರ್ವರ್ ಫೇಲ್ಯೂರ್" (ಸಾಕ್ಸ್ ಎಂಬುದು ಟಾರ್ ಮತ್ತು ಪ್ಲಗಿನ್ ಮಾತಾಡುವ ಪ್ರಾಕ್ಸಿ ಪದ್ಧತಿ) ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದೆ. ಟೈಮ್‌ಡೇಟ್‌ಸಿಟಿಎಲ್ ಕೊಟ್ಟ ಉತ್ತರ ಹೀಗಿದೆ: ಸ್ಥಳೀಯ ಸಮಯ 21:10, ಸಾರ್ವತ್ರಿಕ ಸಮಯ 21:10, ಆರ್‌ಟಿಸಿ (ಮದರ್‌ಬೋರ್ಡಿನ ಗಡಿಯಾರ) ಸಮಯ 21:10, ಕಾಲವಲಯ ಯುಟಿಸಿ (ಅಂದರೆ ಸಾರ್ವತ್ರಿಕ ಸಮಯ), ಗಡಿಯಾರ ಹೊಂದಾಣಿಕೆ "ನೋ". ನನ್ನ ಕೈಗಡಿಯಾರದಲ್ಲಿಯೂ ಆಗ ರಾತ್ರಿ 9:10 ಆಗಿತ್ತು. ಡೆಬಿಯನ್ ಹಾಕಿದ ಹೊಸತರಲ್ಲಿ ಸಮಯ ಮುಂದೆ ಓಡುತ್ತಿದ್ದುದರಿಂದ ವಲಯವನ್ನು ಬದಲಿಸಿ ಹೊಂದಿಸಿದ್ದೆ.

ಉತ್ತರ 3: ಹಳೆಗಣಕ

ಕಾರಣ ಸಿಕ್ಕಿತು. ಭಾರತದಲ್ಲಿ ರಾತ್ರಿ 9:10 ಆದಾಗ ಸಾರ್ವತ್ರಿಕ ಸಮಯ 15:40 ಇರಬೇಕು, ನಿಮ್ಮ ಯಂತ್ರ ಅದನ್ನು 21:10 ಎಂದು ನಂಬಿದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು ಬರೆದಿಡುತ್ತದೆ. ಲಿನಕ್ಸ್ ಅದೇ ಅಂಕಿಯನ್ನು ಸಾರ್ವತ್ರಿಕ ಸಮಯವೆಂದು ಓದಿ, ಅದಕ್ಕೆ ಭಾರತದ ಐದೂವರೆ ಗಂಟೆಯನ್ನು ಮತ್ತೆ ಕೂಡಿಸಿ ತೋರಿಸುತ್ತದೆ. ನೀವು ವಲಯವನ್ನು ಯುಟಿಸಿಗೆ ಬದಲಿಸಿದ ಮೇಲೆ ಪರದೆಯ ಅಂಕಿ ಸರಿಹೋಯಿತು, ಒಳಗಿನ ಸಮಯ ಮಾತ್ರ ಐದೂವರೆ ಗಂಟೆ ಮುಂದೆಯೇ ಉಳಿಯಿತು. ಸಾಮಾನ್ಯವಾಗಿ ಎನ್‌ಟಿಪಿ (ಜಾಲದಿಂದ ಗಡಿಯಾರ ಹೊಂದಿಸುವ ವ್ಯವಸ್ಥೆ) ಇದನ್ನು ತಾನಾಗಿಯೇ ತಿದ್ದಬೇಕಿತ್ತು. ಹೊಂದಾಣಿಕೆ ಆಗಿಲ್ಲವೆಂದರೆ ಅದು ಬಳಸುವ ಯುಡಿಪಿ 123ನೇ ಪೋರ್ಟನ್ನು ನಿಮ್ಮ ಹಾಸ್ಟೆಲಿನ ಜಾಲ ಮುಚ್ಚಿರುವುದೇ ಹೆಚ್ಚು ಸಂಭವ. ಉಳಿದ ಜಾಲತಾಣಗಳು ಏಕೆ ತೆರೆಯುತ್ತವೆ ಎಂದರೆ, ಅವುಗಳ ಪ್ರಮಾಣಪತ್ರಗಳಿಗೆ ವಾರಗಳ, ತಿಂಗಳುಗಳ ಅವಧಿ ಇರುವುದರಿಂದ ಐದಾರು ಗಂಟೆಯ ವ್ಯತ್ಯಾಸ ಅಲ್ಲಿ ಗಣನೆಗೇ ಬರುವುದಿಲ್ಲ.

ಓಬಿಎಫ್‌ಎಸ್4ಗೆ ಅದು ಗಣನೆಗೆ ಬರುತ್ತದೆ. ಚೀನಾದ ತಡೆಗೋಡೆಯಂಥ ವ್ಯವಸ್ಥೆಗಳು ಸಂಶಯ ಬಂದ ವಿಳಾಸಕ್ಕೆ ತಾವೇ ಕರೆಮಾಡಿ, ಅಲ್ಲಿರುವುದು ಟಾರ್ ಬ್ರಿಡ್ಜ್ ಹೌದೇ ಎಂದು ಪರೀಕ್ಷಿಸುವುದುಂಟು. ಅದನ್ನು ತಪ್ಪಿಸಲೆಂದೇ ಈ ಪ್ಲಗಿನ್ನನ್ನು ರೂಪಿಸಿದ್ದಾರೆ: ಬ್ರಿಡ್ಜ್‌ನ ಸಾಲಿನಲ್ಲಿರುವ ಸರ್ಟ್ ಗೊತ್ತಿದ್ದವರು ಮಾತ್ರ ಸರಿಯಾದ ಮೊದಲ ಸಂದೇಶವನ್ನು ಕಟ್ಟಬಲ್ಲರು, ಗೊತ್ತಿಲ್ಲದವರಿಗೆ ಬ್ರಿಡ್ಜ್ ಉತ್ತರಿಸುವುದೇ ಇಲ್ಲ. ಯಾರಾದರೂ ಆ ಸಂದೇಶವನ್ನು ಹಿಡಿದಿಟ್ಟುಕೊಂಡು ಮತ್ತೆ ಕಳುಹಿಸಿ ಮೋಸ ಮಾಡಬಾರದು ಎಂಬ ಕಾರಣಕ್ಕೆ, 1970ರ ಜನವರಿ 1ರಿಂದ ಎಣಿಸಿದ ಗಂಟೆಗಳ ಸಂಖ್ಯೆಯನ್ನೂ ಅದರ ದೃಢೀಕರಣದ ಲೆಕ್ಕದಲ್ಲಿ ಸೇರಿಸಿದ್ದಾರೆ. ಬ್ರಿಡ್ಜ್ ತನ್ನ ಈಗಿನ ಗಂಟೆಯನ್ನೂ ಅದರ ಹಿಂದು ಮುಂದಿನ ಒಂದೊಂದು ಗಂಟೆಯನ್ನೂ ಒಪ್ಪುತ್ತದೆ, ಅದರಾಚೆಗೆ ಒಪ್ಪುವುದಿಲ್ಲ. ನಿಮ್ಮ ಯಂತ್ರ ಕಳುಹಿಸುತ್ತಿರುವ ಗಂಟೆ ಐದೋ ಆರೋ ಮುಂದಿದೆ. ಬ್ರಿಡ್ಜ್‌ನ ಕಣ್ಣಿಗೆ ನೀವೂ ಆ ಪರೀಕ್ಷಕರಲ್ಲಿ ಒಬ್ಬರು. ಕಾರಣವನ್ನು ತಿಳಿಸಿದರೆ ತಾನು ಬ್ರಿಡ್ಜ್ ಎಂಬುದು ಬಯಲಾಗುವುದರಿಂದ ಅದು ಮೌನವಾಗಿ ಉಳಿಯುತ್ತದೆ, ಪ್ಲಗಿನ್ ಕಾದು ಸೋತು ಆ ಒಣ ಸಾಕ್ಸ್ ದೋಷವನ್ನು ಟಾರ್‌ಗೆ ಒಪ್ಪಿಸುತ್ತದೆ. ಗಡಿಯಾರದ ಹೆಸರೇ ಇಲ್ಲದ ದೋಷ ಸಂದೇಶ ಬರುವುದು ಇದಕ್ಕೇ. ವಿಂಡೋಸ್‌ನಲ್ಲಿ ವಲಯ ಭಾರತದ್ದೇ ಆಗಿರುವುದರಿಂದ ಅಲ್ಲಿ ಸಾರ್ವತ್ರಿಕ ಸಮಯದ ಲೆಕ್ಕ ಸರಿಬರುತ್ತದೆ.

ಪರಿಹಾರ ಸುಲಭ. ಟೈಮ್‌ಡೇಟ್‌ಸಿಟಿಎಲ್‌ಗೆ ಸೆಟ್-ಟೈಮ್‌ಜೋನ್ ಕೊಟ್ಟು ಏಷ್ಯಾ/ಕೋಲ್ಕತ್ತಾ ಎಂದು ವಲಯವನ್ನು ಮರಳಿಸಿ. ಆಮೇಲೆ ಸೆಟ್-ಲೋಕಲ್-ಆರ್‌ಟಿಸಿ 1 ಎಂಬುದನ್ನು ಅಡ್ಜಸ್ಟ್-ಸಿಸ್ಟಮ್-ಕ್ಲಾಕ್ ಆಯ್ಕೆಯೊಂದಿಗೆ ಕೊಟ್ಟರೆ, ಲಿನಕ್ಸ್ ಕೂಡ ಮದರ್‌ಬೋರ್ಡಿನ ಅಂಕಿಯನ್ನು ಸ್ಥಳೀಯ ಸಮಯವೆಂದೇ ಓದಿಕೊಂಡು ತನ್ನನ್ನು ತಿದ್ದಿಕೊಳ್ಳುತ್ತದೆ. ಎನ್‌ಟಿಪಿಯ ಹಂಗು ಬೇಕಿಲ್ಲ. ಈ ಕ್ರಮ ಒಳ್ಳೆಯದಲ್ಲವೆಂದು ಆ ಕಮ್ಯಾಂಡೇ ಎಚ್ಚರಿಸುತ್ತದೆ. ಎಚ್ಚರಿಕೆಗೆ ಮುಖ್ಯ ಕಾರಣ ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ಮುಂದೂಡುವ ಪದ್ಧತಿ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನಂತರ ಟಾರ್@ಡಿಫಾಲ್ಟ್ ಅನ್ನು ಮರಳಿ ಆರಂಭಿಸಿ.

ಉತ್ತರ 4: ಬಯಲುಸೀಮೆ

ಹಳೆಗಣಕರು ಹೇಳಿದ ಕಾರಣವನ್ನು ಒಪ್ಪುತ್ತೇನೆ, ಪರಿಹಾರವನ್ನು ಅರೆಮನಸ್ಸಿನಿಂದ ಒಪ್ಪುತ್ತೇನೆ. ಮುಂದೆ ಬೇರೆ ದೇಶಕ್ಕೆ ಹೋಗುವ ಅಥವಾ ಅದೇ ಯಂತ್ರದಲ್ಲಿ ಟೇಲ್ಸ್‌ನಂಥ ಮತ್ತೊಂದು ವ್ಯವಸ್ಥೆಯನ್ನು ಪೆನ್‌ಡ್ರೈವ್‌ನಿಂದ ಓಡಿಸುವ ಯೋಚನೆಯಿದ್ದರೆ, ವಿಂಡೋಸನ್ನೇ ಸಾರ್ವತ್ರಿಕ ಸಮಯಕ್ಕೆ ಒಗ್ಗಿಸುವುದು ಮೇಲು. ರಿಜಿಸ್ಟ್ರಿಯ ಟೈಮ್‌ಜೋನ್‌ಇನ್ಫರ್ಮೇಷನ್ ಕೀಲಿಯಡಿ ರಿಯಲ್‌ಟೈಮ್‌ಇಸ್‌ಯೂನಿವರ್ಸಲ್ ಎಂಬ ಮೌಲ್ಯವನ್ನು 1 ಎಂದು ಇಡಬೇಕು. ಅದನ್ನು ಮಾಡಿದರೆ ಲಿನಕ್ಸ್‌ನಲ್ಲಿ ಸೆಟ್-ಲೋಕಲ್-ಆರ್‌ಟಿಸಿ 0 ಇರಬೇಕು. ಈ ಬದಲಾವಣೆಯನ್ನೂ ಹಳೆಗಣಕರ ಸೆಟ್-ಲೋಕಲ್-ಆರ್‌ಟಿಸಿ 1 ಅನ್ನೂ ಒಟ್ಟಿಗೆ ಮಾಡಿದರೆ ಮತ್ತೆ ಗೊಂದಲವಾಗುತ್ತದೆ.

ಮರುನುಡಿ: ತುಂಗಾತೀರ

ಹಳೆಗಣಕರ ಕ್ರಮವನ್ನು ಅನುಸರಿಸಿದೆ, 100% ತಲುಪಿತು. ಇನ್ನೊಂದು ಸಂದೇಹವಿದೆ. ಟರ್ಮಿನಲ್‌ನಿಂದ ಪುಟ ತರಿಸುವ ಕರ್ಲ್‌ಗೆ ಸಾಕ್ಸ್5 ಪ್ರಾಕ್ಸಿಯಾಗಿ 127.0.0.1ರ 9050ನೇ ಪೋರ್ಟ್ ಕೊಟ್ಟು ಟಾರ್ ಪ್ರಾಜೆಕ್ಟ್‌ನ ಪರೀಕ್ಷಾ ಪುಟವನ್ನು ತರಿಸಿದರೆ ಟಾರ್ ಬಳಕೆಯಲ್ಲಿದೆ ಎನ್ನುತ್ತದೆ, ಆದರೆ ಲಾಗ್‌ನಲ್ಲಿ "ನಿಮ್ಮ ಅಪ್ಲಿಕೇಷನ್ ಟಾರ್‌ಗೆ ಐಪಿ ವಿಳಾಸವನ್ನು ಮಾತ್ರ ಕೊಡುತ್ತಿದೆ" ಎಂಬರ್ಥದ ಎಚ್ಚರಿಕೆ ಬರುತ್ತದೆ. ನಿರ್ಲಕ್ಷಿಸಬಹುದೇ? ಮಾಮೂಲಿ ಫೈರ್‌ಫಾಕ್ಸ್‌ಗೂ ಇದೇ ಪ್ರಾಕ್ಸಿ ಕೊಡಬಹುದೇ?

ಉತ್ತರ 5: ಹಳೆಗಣಕ

ನಿರ್ಲಕ್ಷಿಸಬಾರದು. ಸಾಕ್ಸ್5 ಎಂದು ಬರೆದಾಗ ಕರ್ಲ್ ತಾಣದ ಹೆಸರನ್ನು ತಾನೇ ಡಿಎನ್‌ಎಸ್‌ನಲ್ಲಿ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೇಳಿ, ಬಂದ ಐಪಿ ವಿಳಾಸವನ್ನು ಟಾರ್‌ಗೆ ಕೊಡುತ್ತದೆ. ಪುಟ ಟಾರ್ ಮೂಲಕವೇ ಬಂದಿರುತ್ತದೆ, ಆದ್ದರಿಂದ ಪರೀಕ್ಷಾ ಪುಟ ಸುಳ್ಳು ಹೇಳಿಲ್ಲ. ಆದರೆ ನೀವು ಯಾವ ತಾಣಕ್ಕೆ ಹೊರಟಿದ್ದೀರಿ ಎಂಬುದು ಹಾಸ್ಟೆಲಿನ ಡಿಎನ್‌ಎಸ್ ಸರ್ವರ್‌ಗೆ ಅದಕ್ಕಿಂತ ಮೊದಲೇ ತಿಳಿದಿರುತ್ತದೆ. ಸಾಕ್ಸ್5 ಇದ್ದಲ್ಲಿ ಸಾಕ್ಸ್5ಎಚ್ ಎಂದು ಬರೆಯಿರಿ; ಆಗ ಹೆಸರೇ ಟಾರ್‌ಗೆ ಹೋಗಿ, ಅದರ ಶೋಧ ನಿರ್ಗಮನದ ರಿಲೇಯಲ್ಲಿ ನಡೆಯುತ್ತದೆ. ಗಿಟ್‌ನ ಪ್ರಾಕ್ಸಿಗೂ ಇದೇ ನಿಯಮ. ಟಾರ್‌ಆರ್‌ಸಿಯಲ್ಲಿ ಸೇಫ್‌ಸಾಕ್ಸ್ 1 ಎಂದು ಸೇರಿಸಿದರೆ, ಐಪಿಯನ್ನು ಮಾತ್ರ ತರುವ ಇಂಥ ಕೋರಿಕೆಗಳನ್ನು ಟಾರ್ ನಿರಾಕರಿಸುತ್ತದೆ. ಡಿಎನ್‌ಎಸ್ ಪ್ರಶ್ನೆ ಆ ವೇಳೆಗೆ ಹೊರಹೋಗಿರುತ್ತದೆ ಎಂಬುದು ನಿಜ, ಆದರೆ ಕೆಲಸ ನಿಂತುಹೋಗುವುದರಿಂದ ಸೋರಿಕೆ ಗಮನಕ್ಕೆ ಬಾರದೆ ಉಳಿಯುವುದಿಲ್ಲ.

ಫೈರ್‌ಫಾಕ್ಸ್‌ಗೆ ಪ್ರಾಕ್ಸಿ ಕೊಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಿಮ್ಮ ಐಪಿ ಮರೆಯಾದರೂ ಫಾಂಟ್‌ಗಳು, ಕಿಟಕಿಯ ಅಳತೆ, ಕಾಲವಲಯ, ಭಾಷೆಯ ಆಯ್ಕೆ ಇವೆಲ್ಲ ಸೇರಿ ನಿಮ್ಮನ್ನು ಒಬ್ಬರನ್ನಾಗಿ ಗುರುತಿಸಲು ಸಾಕಾಗುತ್ತವೆ, ಕನ್ನಡದ ಫಾಂಟ್ ಹಾಕಿಕೊಂಡಿದ್ದರಂತೂ ಇನ್ನಷ್ಟು ಸುಲಭ. ಟಾರ್ ಬ್ರೌಸರ್ ಈ ಅಂಶಗಳಲ್ಲಿ ತನ್ನ ಬಳಕೆದಾರರೆಲ್ಲ ಆದಷ್ಟು ಒಂದೇ ರೀತಿ ಕಾಣುವಂತೆ ಮಾಡುತ್ತದೆ. ಅದು ತನ್ನದೇ ಟಾರನ್ನು 9150ನೇ ಪೋರ್ಟ್‌ನಲ್ಲಿ ಓಡಿಸುವುದರಿಂದ, ನಿಮ್ಮ 9050ರ ಸೇವೆಯ ಜೊತೆ ಘರ್ಷಣೆಯಿಲ್ಲದೆ ಎರಡೂ ಒಟ್ಟಿಗೆ ಇರಬಹುದು. ಬ್ರಿಡ್ಜ್‌ನ ಸಾಲನ್ನು ಮಾತ್ರ ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರತ್ಯೇಕವಾಗಿ ಕೊಡಬೇಕು.