ಹನ್ನೆರಡು ಲಕ್ಷದ ರಿಯಾಯಿತಿ, ತೋಟದ ಪಾಲು ಮತ್ತು ಸಂಬಳದ ಮನೆಯ ಲೆಕ್ಕ

ಮಡಿಕೇರಿ ಶಿಕ್ಷಕಿ
ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆ ಇಲ್ಲವೆಂದು 2025ರ ಫೆಬ್ರುವರಿ 1ರ ಬಜೆಟ್ಟಿನಲ್ಲಿ ಕೇಳಿ ನೆಮ್ಮದಿಪಟ್ಟವರಲ್ಲಿ ನಾನೂ ಒಬ್ಬಳು. ನನ್ನ ವಾರ್ಷಿಕ ಸಂಬಳ 10,75,000 ರೂಪಾಯಿ. 2024-25ರಲ್ಲಿ ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದು, 80ಸಿ ಕಲಮಿನಡಿ ಉಳಿತಾಯದ 1,50,000, ಆರೋಗ್ಯ ವಿಮೆಯ 25,000 ಮತ್ತು ಗೃಹಸಾಲದ ಬಡ್ಡಿ 2,00,000 ರೂಪಾಯಿಗಳನ್ನು ತೋರಿಸಿ 44,200 ರೂಪಾಯಿ ತೆರಿಗೆ ಕಟ್ಟಿದ್ದೆ. 2025-26ಕ್ಕೆ, ಇಂಥ ಕಡಿತಗಳಿಲ್ಲದ ಹೊಸ ಪದ್ಧತಿಗೆ ಬಂದ ಮೇಲೆ ಶಾಲೆಯಲ್ಲಿ ಒಂದು ರೂಪಾಯಿಯೂ ಟಿಡಿಎಸ್ (ಸಂಬಳದಲ್ಲೇ ತೆರಿಗೆ ಕಡಿತ) ಆಗಲಿಲ್ಲ. ತಿಂಗಳಿಗೆ ಸುಮಾರು 3,680 ರೂಪಾಯಿ ಉಳಿಯುತ್ತದೆಂದು ಎಣಿಸಿ, ಮೈಸೂರಿನಲ್ಲಿ ಪಿಯುಸಿ ಓದುತ್ತಿರುವ ಮಗನ ಹಾಸ್ಟೆಲ್ ಊಟದ ಖರ್ಚನ್ನು ಅದರಲ್ಲೇ ಸರಿತೂಗಿಸಿಕೊಂಡು ಬಂದೆ. ಈಗ ಆಡಿಟರ್ 20,800 ರೂಪಾಯಿ ತೆರಿಗೆ ಕಟ್ಟಬೇಕು ಎನ್ನುತ್ತಿದ್ದಾರೆ. ತಂದೆಯವರು ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂದ ತೋಟದ ಪಾಲಿನಿಂದ, ರೊಬಸ್ಟಾ ಕಾಫಿಯ ಚೆರಿ (ಸಂಸ್ಕರಿಸದ ಹಣ್ಣು) ಮತ್ತು ಕರಿಮೆಣಸು ಮಾರಿ, ಖರ್ಚು ಕಳೆದು 6 ಲಕ್ಷ ಉಳಿದದ್ದೇ ಇದಕ್ಕೆ ಕಾರಣವಂತೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ತಿಳಿದವರು ವಿವರಿಸಬೇಕಾಗಿ ವಿನಂತಿ.

ಕುಶಾಲನಗರದ ನಿವೃತ್ತ ಬ್ಯಾಂಕ್ ನೌಕರ
ನಿಮ್ಮ ಆಡಿಟರ್ ಎಲ್ಲೋ ಎಡವಿದ್ದಾರೆ ಅನ್ನಿಸುತ್ತದೆ, ಮೇಡಂ. ಸಂಬಳದಲ್ಲಿ 75,000ದ ಪ್ರಮಾಣಿತ ಕಡಿತ ಕಳೆದರೆ ನಿಮ್ಮ ತೆರಿಗೆಗೊಳಪಡುವ ಆದಾಯ ಸರಿಯಾಗಿ 10 ಲಕ್ಷ. ಕಾಫಿಯ ಹಣ ಆ ಲೆಕ್ಕಕ್ಕೇ ಬರಬಾರದು.

ಗೋಣಿಕೊಪ್ಪಲಿನ ಲೆಕ್ಕಿಗ
ಆಡಿಟರ್ ಕಚೇರಿಯೊಂದರಲ್ಲಿ ಹಲವು ವರ್ಷಗಳಿಂದ ರಿಟರ್ನ್ಸ್ ಸಿದ್ಧಪಡಿಸುತ್ತಿರುವ ಅನುಭವದಿಂದ ಹೇಳುವುದಾದರೆ, ಅವರ ಲೆಕ್ಕ ಸರಿಯಾಗಿದೆ. ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತಿವೆ.

ಮೊದಲನೆಯದು, ಹನ್ನೆರಡು ಲಕ್ಷದವರೆಗೆ ಸಿಗುತ್ತಿರುವುದು ವಿನಾಯಿತಿಯಲ್ಲ, ರಿಯಾಯಿತಿ. ಹೊಸ ಪದ್ಧತಿಯಲ್ಲಿ ನಿಜವಾದ ವಿನಾಯಿತಿಯ ಮಿತಿ 4 ಲಕ್ಷ ಮಾತ್ರ. ಅದರ ಮೇಲಿನ 4 ಲಕ್ಷಕ್ಕೆ ಶೇಕಡಾ 5, ಅದರ ಮೇಲಿನ 4 ಲಕ್ಷಕ್ಕೆ ಶೇಕಡಾ 10ರಂತೆ ತೆರಿಗೆ ಹುಟ್ಟಿಯೇ ಹುಟ್ಟುತ್ತದೆ. ಹಾಗೆ ಹುಟ್ಟಿದ ತೆರಿಗೆಯಲ್ಲಿ 60,000 ರೂಪಾಯಿಯವರೆಗೆ 87ಎ ಕಲಮಿನ ಅಡಿ ಮನ್ನಾ ಆಗುತ್ತದೆ, ಅಷ್ಟೇ. 2019ರಲ್ಲಿ 5 ಲಕ್ಷದ ಆದಾಯಕ್ಕೆ 12,500, 2023ರಲ್ಲಿ 7 ಲಕ್ಷಕ್ಕೆ 25,000 ಎಂದು ಇದ್ದದ್ದು ಈಗ ಇಲ್ಲಿಗೆ ಬಂದಿದೆ.

ಎರಡನೆಯದು, ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ದರೂ, ಅದು 5,000 ರೂಪಾಯಿ ಮೀರಿದಾಗ, ಬೇರೆ ಆದಾಯಕ್ಕೆ ಯಾವ ದರ ಅನ್ವಯಿಸಬೇಕು ಎಂಬುದನ್ನು ನಿರ್ಧರಿಸಲು ಅದನ್ನೂ ಕೂಡಿಸಿಕೊಳ್ಳುತ್ತಾರೆ. ಮೇಡಂ ಅವರ 10 ಲಕ್ಷಕ್ಕೆ ತೋಟದ 6 ಲಕ್ಷ ಸೇರಿ 16 ಲಕ್ಷ; ಅದರ ಮೇಲಿನ ತೆರಿಗೆ 1,20,000. ಆಮೇಲೆ ತೋಟದ 6 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಸೇರಿಸಿ, 10 ಲಕ್ಷದ ಮೇಲಿನ ತೆರಿಗೆಯಾದ 40,000ವನ್ನು ಕಳೆಯಬೇಕು. ಉಳಿಯುವುದು 80,000. ಅದರಲ್ಲಿ 60,000 ಮನ್ನಾ ಆದರೆ 20,000, ಶೇಕಡಾ 4ರ ಸೆಸ್ ಸೇರಿ 20,800.

ಗಮನಿಸಬೇಕಾದ ಅಂಶವೆಂದರೆ, ತೋಟದ ನಿವ್ವಳ ಆದಾಯ 3 ಲಕ್ಷವೇ ಆಗಿದ್ದರೆ ತೆರಿಗೆ ಸರಿಯಾಗಿ 60,000ಕ್ಕೆ ನಿಂತು, ಪೂರ್ತಿ ಮನ್ನಾ ಆಗುತ್ತಿತ್ತು. ಅಂದರೆ ಕಾಫಿಗೆ ಬೆಲೆ ಬಿದ್ದ ವರ್ಷ ಸಂಬಳದ ಮೇಲೆ ತೆರಿಗೆ ಇಲ್ಲ, ಬೆಲೆ ಏರಿದ ವರ್ಷ ಇದೆ. ಚೆರಿಯನ್ನು ಹಾಗೆಯೇ ಮಾರಿದ್ದರಿಂದ ಲೆಕ್ಕ ಇಷ್ಟು ಸರಳವಾಗಿದೆ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿಸಿ ಮಾರಿದ್ದರೆ ಅದರ ಶೇಕಡಾ 25 ಭಾಗವನ್ನು ವ್ಯಾಪಾರದ ಆದಾಯವೆಂದೇ ಪರಿಗಣಿಸುತ್ತಿದ್ದರು.

ಕುಶಾಲನಗರದ ನಿವೃತ್ತ ಬ್ಯಾಂಕ್ ನೌಕರ
ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಹಾಗಿದ್ದರೆ ತೋಟದ ಪಾಲನ್ನು ಯಜಮಾನರ ಹೆಸರಿಗೆ ಮಾಡಿಸಿಬಿಟ್ಟರೆ ಆಗದೇ?

ಗೋಣಿಕೊಪ್ಪಲಿನ ಲೆಕ್ಕಿಗ
ಆಗದು, ಸರ್. ಗಂಡನಿಗೆ ಹೆಂಡತಿ ಅಥವಾ ಹೆಂಡತಿಗೆ ಗಂಡ ದಾನವಾಗಿ ಕೊಟ್ಟ ಆಸ್ತಿಯ ಆದಾಯ ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆ. ಮೊದಲಿನಿಂದಲೂ ಪತಿಯ ಹೆಸರಿನಲ್ಲಿಯೇ ಇದ್ದ ತೋಟವಾಗಿದ್ದರೆ ಮಾತು ಬೇರೆ, ಏಕೆಂದರೆ ಕೂಡಿಸುವ ಈ ಲೆಕ್ಕ ವ್ಯಕ್ತಿಗೆ ಸಂಬಂಧಿಸಿದ್ದೇ ಹೊರತು ಕುಟುಂಬಕ್ಕಲ್ಲ.

ಮಡಿಕೇರಿ ಶಿಕ್ಷಕಿ
ದಾನಪತ್ರದ ಮಾತು ಬೇಡ. ಹೆಣ್ಣುಮಕ್ಕಳ ಹೆಸರಿಗೆ ಪಾಲು ಬರುವುದಕ್ಕೇ ಮನೆಯಲ್ಲಿ ಎಷ್ಟು ಮಾತುಕತೆ ನಡೆಯಬೇಕಾಯಿತು ಎಂಬುದು ನನಗೆ ಗೊತ್ತು. ಲೆಕ್ಕ ಅರ್ಥವಾಯಿತು. ಆದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ ಅನ್ನಿಸುವುದು ತಪ್ಪೇ?

ವಿರಾಜಪೇಟೆಯವನು, ಈಗ ಇಂಗ್ಲೆಂಡಿನಲ್ಲಿ
ಇಲ್ಲಿಯೂ ದುಡಿಯುವ ಕುಟುಂಬಗಳಿಗಾಗಿ 2003ರಲ್ಲಿ ಟ್ಯಾಕ್ಸ್ ಕ್ರೆಡಿಟ್ ಎಂಬುದನ್ನು ತಂದಿದ್ದರು. 2025ರ ಏಪ್ರಿಲ್ 5ಕ್ಕೆ ಅದು ಪೂರ್ತಿ ನಿಂತು, ಅದರ ಸ್ಥಾನವನ್ನು ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ತೆಗೆದುಕೊಂಡಿದೆ. ಹೆಸರಿನಲ್ಲಿ ತೆರಿಗೆ ಎಂದಿದ್ದರೂ, ತೆರಿಗೆಯನ್ನೇ ಕಟ್ಟದ ಕಡಿಮೆ ಸಂಬಳದ ಮನೆಗೂ ಅದರಿಂದ ಹಣ ಸಂದಾಯವಾಗುತ್ತಿತ್ತು. ನಮ್ಮ 87ಎ ಹಾಗಲ್ಲ. ತೆರಿಗೆ ಹುಟ್ಟದವರಿಗೆ ಅದರಿಂದ ಬಿಡಿಗಾಸೂ ಇಲ್ಲ.

ಸಿದ್ದಾಪುರದ ತೋಟದ ರೈಟರ್
ತೋಟದ ಹಾಜರಿ, ಲೆಕ್ಕ ಬರೆಯುವ ನಾನು ಕೊನೆಯ ಮಾತನ್ನೇ ಹಿಡಿದು ಬರೆಯುತ್ತಿದ್ದೇನೆ. ನಮ್ಮ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಆದರೆ ಇಬ್ಬರ ವರ್ಷದ ಕೂಲಿಯನ್ನು ಒಟ್ಟುಗೂಡಿಸಿದರೂ ವಿನಾಯಿತಿಯ 4 ಲಕ್ಷವನ್ನು ಮುಟ್ಟುವುದಿಲ್ಲ. ಅವರ ಪಾಲಿಗೆ ಈ ಬಜೆಟ್ಟಿನ ರಿಯಾಯಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವರ ಮನೆಯ ಲೆಕ್ಕವನ್ನು ಮುಟ್ಟಿದ್ದು 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ. ಸೋಪು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಮೇಲೆ 18 ಇದ್ದದ್ದು 5 ಆಯಿತು. ಇನ್ನು ಗೃಹಲಕ್ಷ್ಮಿಯ ತಿಂಗಳ 2,000, ಅಂದರೆ ವರ್ಷಕ್ಕೆ 24,000 ರೂಪಾಯಿ. ಮನೆಯೊಡತಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅದು ಸಿಗುವುದಿಲ್ಲ. ಮೇಡಂ ಅವರ ಬಗ್ಗೆ ನನಗೆ ಗೌರವವಿದೆ, ಆದರೆ 44,200 ಉಳಿದೀತೆಂದು ಎಣಿಸಿದ ಮನೆಗೆ 23,400 ಉಳಿದದ್ದನ್ನು ಕಿತ್ತುಕೊಂಡದ್ದು ಎಂದು ಕರೆಯಲು ನನಗೆ ಕಷ್ಟವಾಗುತ್ತದೆ.

ಗೋಣಿಕೊಪ್ಪಲಿನ ಲೆಕ್ಕಿಗ
ರೈಟರ್ ಅವರ ಮಾತಿಗೆ ಒಂದು ಅಂಕಿಯನ್ನು ಸೇರಿಸುತ್ತೇನೆ. ಇದೇ ಸಂಬಳ, ಇದೇ ತೋಟದ ಆದಾಯ 2024-25ರಲ್ಲಿಯೇ ಇದ್ದಿದ್ದರೆ, ಹಳೆಯ ಪದ್ಧತಿಯಲ್ಲಿ ಎಲ್ಲ ಕಡಿತಗಳ ನಂತರವೂ 1,09,200 ಮತ್ತು ಹೊಸ ಪದ್ಧತಿಯಲ್ಲಿ 1,35,200 ರೂಪಾಯಿ ತೆರಿಗೆ ಬರುತ್ತಿತ್ತು. ಕೂಡಿಸುವ ನಿಯಮ ಹೊಸದಲ್ಲ. ಮೇಡಂ ಅವರ ಮನೆಗೆ ಹೊಸದಾಗಿ ಬಂದದ್ದು ತೋಟ.

ನನ್ನ ದೃಷ್ಟಿಯಲ್ಲಿ ನಿಜವಾಗಿ ನೋಯುವವರು 12 ಲಕ್ಷದ ಗಡಿಯಲ್ಲಿ ನಿಂತವರು. ತೆರಿಗೆಗೊಳಪಡುವ ಆದಾಯ 12 ಲಕ್ಷದಿಂದ 12,50,000ಕ್ಕೆ ಏರಿದರೆ, ಹೆಚ್ಚಾದ 50,000ವೂ ತೆರಿಗೆಗೇ ಹೋಗುತ್ತದೆ, ಅದರ ಮೇಲೆ 2,000 ಸೆಸ್ ಬೇರೆ. ಬಡ್ತಿ ಸಿಕ್ಕಿದೆಯೆಂದು ಸಿಹಿ ಹಂಚಿದ ಮನೆಯಲ್ಲಿ ಕೈಗೆ ಬಂದದ್ದು ಹಿಂದಿನ ವರ್ಷಕ್ಕಿಂತ ಕಡಿಮೆ. ಆದಾಯ ಸುಮಾರು 12,70,000 ದಾಟುವವರೆಗೂ ಇದೇ ಕಥೆ.

ವಿರಾಜಪೇಟೆಯವನು, ಈಗ ಇಂಗ್ಲೆಂಡಿನಲ್ಲಿ
ಇಲ್ಲಿ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಸಂಬಳ ಒಂದು ಪೌಂಡ್ ಹೆಚ್ಚಿದರೆ 55 ಪೆನ್ಸ್ ನೆರವು ಕಡಿಮೆಯಾಗುತ್ತದೆ. ಅದನ್ನೇ ಜನ ದುಬಾರಿ ಎಂದು ಜಗಳವಾಡುತ್ತಾರೆ. ನೀವು ಹೇಳುತ್ತಿರುವುದು ನೂರಕ್ಕೆ ನೂರನಾಲ್ಕು!

ಕುಶಾಲನಗರದ ನಿವೃತ್ತ ಬ್ಯಾಂಕ್ ನೌಕರ
ನನಗಿರುವ ಚಿಂತೆ ಬೇರೆ. 80ಸಿ ಎಂಬ ಒತ್ತಾಯವಿದ್ದದ್ದರಿಂದಲೇ ಎಷ್ಟೋ ಮನೆಗಳಲ್ಲಿ ಪಿಪಿಎಫ್, ಎಲ್‌ಐಸಿ ಎಂದು ವರ್ಷಕ್ಕೆ ಒಂದಿಷ್ಟು ಕೂಡಿಬೀಳುತ್ತಿತ್ತು. ಮಾರ್ಚ್ ತಿಂಗಳಲ್ಲಿ ಬ್ಯಾಂಕಿನ ಕೌಂಟರಿನ ಮುಂದೆ ನಿಲ್ಲುತ್ತಿದ್ದ ಸಾಲನ್ನು ನಾನು ಕಣ್ಣಾರೆ ಕಂಡವನು. ಅವರಲ್ಲಿ ಅರ್ಧದಷ್ಟು ಜನ ತೆರಿಗೆಯ ಭಯವಿಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಮೇಡಂ, ಆ 1,50,000ವನ್ನು ಈ ವರ್ಷವೂ ಕಟ್ಟಿದಿರಾ?

ಮಡಿಕೇರಿ ಶಿಕ್ಷಕಿ
ಪೂರ್ತಿಯಾಗಿ ಇಲ್ಲ, ಸರ್. ಎಲ್‌ಐಸಿ ಕಂತು ಕಟ್ಟಿದೆ. ಪಿಪಿಎಫ್‌ಗೆ ಹಾಕುತ್ತಿದ್ದ ಹಣದಲ್ಲಿ ಬಹುಪಾಲು ತೋಟಕ್ಕೇ ಹೋಯಿತು: ಫೆಬ್ರುವರಿಯಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಓಡಿಸಿದ ಡೀಸೆಲ್, ಗೊಬ್ಬರ, ಕೊಯ್ಲಿನ ಕೂಲಿ. ರೈಟರ್ ಅವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಕಿತ್ತುಕೊಂಡದ್ದು ಎಂಬ ಪದ ನನ್ನದು ಹೆಚ್ಚಾಯಿತು. ಆದರೂ ತಿಂಗಳು ತಿಂಗಳು ಕಡಿತವಾಗದೆ ಕೊನೆಯಲ್ಲಿ ಒಮ್ಮೆಗೇ 20,800 ಎದುರಾದಾಗ ಸಂಬಳದ ಮನೆ ತಬ್ಬಿಬ್ಬಾಗುತ್ತದೆ.

ಗೋಣಿಕೊಪ್ಪಲಿನ ಲೆಕ್ಕಿಗ
ಮುಂಗಡ ತೆರಿಗೆ ಕಟ್ಟದೆ ಇದ್ದದ್ದಕ್ಕೆ ಸ್ವಲ್ಪ ಬಡ್ಡಿಯೂ ಸೇರುತ್ತದೆ, ಏಕೆಂದರೆ ಬಾಕಿ 10,000 ಮೀರಿದೆ. ಮುಂದಿನ ಸಲ ಡಿಸೆಂಬರ್ ಹೊತ್ತಿಗೇ ಅಂದಾಜು ಮಾಡಿ ಕಂತಿನಲ್ಲಿ ಕಟ್ಟಿಬಿಡಿ. ಮತ್ತೊಂದು ವಿಷಯ: 6 ಲಕ್ಷ ಎನ್ನುವಾಗ ಡೀಸೆಲ್ ಮತ್ತು ಗೊಬ್ಬರದ ಖರ್ಚನ್ನೆಲ್ಲ ಕಳೆದಿದ್ದಾರೆಯೇ?

ಮಡಿಕೇರಿ ಶಿಕ್ಷಕಿ
ಗೊಬ್ಬರದ ಬಿಲ್ಲುಗಳನ್ನು ಕೊಟ್ಟಿದ್ದೆ. ಕೊಯ್ಲಿನ ಕೂಲಿಗೆ ಚೀಟಿ ಇಲ್ಲವೆಂದು ಅವರು ಬಿಟ್ಟಿರಬಹುದು.

ಸಿದ್ದಾಪುರದ ತೋಟದ ರೈಟರ್
ಹಾಜರಿ ಪುಸ್ತಕ ಇದ್ದೇ ಇರುತ್ತದಲ್ಲ, ಮೇಡಂ. ದಿನಕ್ಕೆ ಎಷ್ಟು ಆಳು, ಯಾರಿಗೆ ಎಷ್ಟು ಕೊಟ್ಟಿರಿ ಎಂಬುದನ್ನು ನಿಮ್ಮ ತೋಟ ನೋಡಿಕೊಳ್ಳುವವರು ಬರೆದು ಸಹಿ ಹಾಕಿಸಿಕೊಂಡಿದ್ದರೆ, ರಿಟರ್ನ್ಸ್ ಸಲ್ಲಿಸುವ ಮೊದಲು ಅದನ್ನು ಆಡಿಟರ್ ಮುಂದೆ ಇಡಿ.