ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದವರು ಅನುಭವ ಹೇಳ್ತೀರಾ?

ಬದಿಯಡ್ಕ ಹತ್ತಿರದಿಂದ ಕೇಳ್ತಿದ್ದೇನೆ. ಮನೆಯ ಲ್ಯಾಪ್‌ಟಾಪ್ ಆರನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಆನ್ ಮಾಡಿ ಚಾ ಕುಡಿದು ಬಂದರೂ ತಿರುಗ್ತಾ ಇರ್ತದೆ. ವಿಂಡೋಸ್ 10ರ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು, 11 ಇದಕ್ಕೆ ಆಗುವುದಿಲ್ಲ ಅಂತ ಅಂಗಡಿಯವರು ಹೇಳಿದರು. ಹೊಸತು ತೆಗೆಯುವ ಸ್ಥಿತಿ ಇಲ್ಲ. ಮಗ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮನೆಯವರು ಅಡಿಕೆ ಲೆಕ್ಕ ಎಕ್ಸೆಲ್‌ನಲ್ಲಿ ಇಡ್ತಾರೆ, ನಾನು ಭಜನಾ ಮಂಡಳಿಯ ಪತ್ರ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು.

ಮುಳ್ಳೇರಿಯದಿಂದ, ಹೈಸ್ಕೂಲ್ ಟೀಚರ್:
ಅಕ್ಕ, ನಿಮ್ಮ ಮಗನಿಗೆ ಲಿನಕ್ಸ್ ಹೊಸತಲ್ಲ, ಅವನನ್ನೇ ಕೇಳಿ ನೋಡಿ. ನಮ್ಮ ಶಾಲೆಗಳ ಲ್ಯಾಬಿನಲ್ಲಿ ಇರುವುದು ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ ಕೈಟ್ ಮಾಡಿದ, ಉಬುಂಟು ಎಂಬ ಲಿನಕ್ಸ್ ಆಧಾರದ ಕೈಟ್ ಗ್ನೂ/ಲಿನಕ್ಸ್. ಹತ್ತನೇ ಕ್ಲಾಸಿನ ಐಟಿ ಪ್ರಾಕ್ಟಿಕಲ್ ಪರೀಕ್ಷೆಯೂ ಅದರಲ್ಲೇ. ಇಂಕ್‌ಸ್ಕೇಪ್, ಜಿಂಪ್, ಜಿಯೋಜೀಬ್ರಾ, ಲಿಬ್ರೆ ಆಫೀಸ್ ಎಲ್ಲ ಅದರಲ್ಲಿ ಉಂಟು, ಕೈಟ್‌ನ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಬಹುದು. ಮನೆಯಲ್ಲಿ ಅಭ್ಯಾಸಕ್ಕೆ ಸಿಗದ ಮಕ್ಕಳು ಲ್ಯಾಬಿನ ಒಂದು ಪಿರಿಯಡಿನಲ್ಲಿ ಪರದಾಡುವುದನ್ನು ನೋಡುವಾಗ ನನಗೆ ಬೇಸರ ಆಗ್ತದೆ. ಖಂಡಿತ ಹಾಕಿಸಿ.

ಪೆರ್ಲದಿಂದ, ರಿಪೇರಿ ಕೆಲಸದವ:
ಟೀಚರ್ ಹೇಳಿದ್ದು ಸರಿ. ಆದರೆ ಅಕ್ಕ, ಲಿನಕ್ಸ್ ಹಾಕಿದ ಮಾತ್ರಕ್ಕೆ ಆ ಲ್ಯಾಪ್‌ಟಾಪ್ ಓಡುವುದಿಲ್ಲ. ನಿಧಾನಕ್ಕೆ ಮುಖ್ಯ ಕಾರಣ ಹಾರ್ಡ್ ಡಿಸ್ಕ್. ಮೊದಲು ಸಣ್ಣದೊಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ತುಂಬ ವೇಗದ ಡಿಸ್ಕ್) ಹಾಕಿಸಿ, ಸಾಧ್ಯವಾದರೆ ರ‍್ಯಾಮ್ 8 ಜಿಬಿ ಮಾಡಿಸಿ. ಲಿನಕ್ಸನ್ನು ಎಸ್‌ಎಸ್‌ಡಿಗೇ ಹಾಕಿ. ತೆಗೆದ ಹಾರ್ಡ್ ಡಿಸ್ಕನ್ನು ಅಳಿಸಬೇಡಿ, ಯುಎಸ್‌ಬಿ ಕೇಸಿನಲ್ಲಿ ಕೂರಿಸಿ ಇಡಿ. ಫೋಟೋ, ಲೆಕ್ಕ ಎಲ್ಲ ಇದ್ದ ಹಾಗೇ ಇರ್ತದೆ, ಬೇಡ ಅನ್ನಿಸಿದರೆ ವಾಪಸ್ ಹಾಕಿದರಾಯ್ತು. ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡಲು ಹೋಗಿ ಮಗಳ ಬಾಲ್ಯದ ಫೋಟೋ ಕಳಕೊಂಡವರು ನನ್ನ ಹತ್ತಿರ ಬಂದಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುವುದು.

ನಾನು ಹೆಚ್ಚಾಗಿ ಹಾಕಿಕೊಡುವುದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ. 4 ಜಿಬಿಯಲ್ಲೂ ನಡೀತದೆ, ಮೆನು ವಿಂಡೋಸಿನ ಹಾಗೇ ಮೂಲೆಯಲ್ಲಿ ಇರ್ತದೆ, 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರ್ತದೆ. ಮೊದಲು 8 ಜಿಬಿ ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಒಂದು ದಿನ ನೋಡಿ. ವೈಫೈ, ಸೌಂಡ್, ಕ್ಯಾಮರಾ, ಮುಚ್ಚಿ ತೆರೆದಾಗ ಏಳ್ತದಾ, ಪ್ರಿಂಟರ್ ಎಲ್ಲ ಪರೀಕ್ಷಿಸಿ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಕೊಡಿ, ಸಾಮಾನ್ಯವಾಗಿ ಕೂಡಲೇ ನೆಟ್ ಬರ್ತದೆ. ಇನ್‌ಸ್ಟಾಲ್ ಆದ ಮೇಲೆ ಅದೇ ನೆಟ್ಟಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದು ವೈಫೈ ಡ್ರೈವರ್ ಉಂಟಾ ನೋಡಿ.

ಅಡಿಕೆ ಲೆಕ್ಕ ಲಿಬ್ರೆ ಆಫೀಸಿನಲ್ಲಿ ತೆರೀತದೆ. ಮ್ಯಾಕ್ರೋ (ಎಕ್ಸೆಲ್ ಒಳಗೆ ಬರೆದ ಸಣ್ಣ ಪ್ರೋಗ್ರಾಂ) ಇದ್ದರೆ ಮಾತ್ರ ತಕರಾರು.

ಕುಂಬಳೆಯಿಂದ, ಡಿಟಿಪಿ:
ನನಗೆ ಆಗಲಿಲ್ಲ, ಅದನ್ನೂ ಹೇಳಬೇಕಲ್ಲ. ಬ್ರಹ್ಮಕಲಶದ ಆಮಂತ್ರಣ, ಮದುವೆ ಕಾಗದ ಎಲ್ಲ ಪೇಜ್‌ಮೇಕರಿನಲ್ಲಿ ಉಂಟು, ಅದು ಲಿನಕ್ಸಿಗೆ ಬರುವುದಿಲ್ಲ. ಅದೇ ಬಗೆಯ ಉಚಿತ ತಂತ್ರಾಂಶ ಸ್ಕ್ರೈಬಸ್ 1.6 ಕನ್ನಡ ಒತ್ತಕ್ಷರ ಸರಿ ತೋರಿಸ್ತದೆ, ಹೊಸ ಕೆಲಸಕ್ಕೆ ಕಲೀತಿದ್ದೇನೆ. ಹಳೇ ಗಿರಾಕಿಗಳಿಗೆ ವಿಂಡೋಸ್ ಯಂತ್ರ ಇಟ್ಟುಕೊಂಡಿದ್ದೇನೆ.

ಅಕ್ಕ, ನಿಮ್ಮ ನುಡಿ ಪತ್ರದ ವಿಷಯ ಬೇರೆ. ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನ ಎಂ17ಎನ್ ಹಾಕಿದರೆ ಕನ್ನಡದಲ್ಲಿ ಕೆಜಿಪಿ ಅಂತ ಸಿಗ್ತದೆ, ಅದು ನಿಮ್ಮ ಕೈಗೆ ಕೂತ ನುಡಿಯ ಕೀಲಿಮಣೆಯೇ. ಬರುವುದು ಯೂನಿಕೋಡ್, ವಾಟ್ಸಾಪಿನಲ್ಲೂ ಓದಬಹುದು. ಹಳೆಯ ಫಾಂಟಿನ ಕಡತ ತೆರೆದರೆ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣ್ತದೆ. ಹೆದರಬೇಡಿ, ನುಡಿಯ ಫಾಂಟ್ ಫೈಲನ್ನು ಲಿನಕ್ಸಿಗೂ ಹಾಕಿದರೆ ಓದಲಿಕ್ಕೆ ಬರ್ತದೆ. ಇಟ್ಟುಕೊಳ್ಳಬೇಕಾದ್ದನ್ನು ನಿಧಾನಕ್ಕೆ ಯೂನಿಕೋಡಿಗೆ ಬದಲಿಸಿ.

ಬದಿಯಡ್ಕದಿಂದ ಮತ್ತೆ:
ಎಲ್ಲರಿಗೂ ತುಂಬ ಉಪಕಾರ ಆಯ್ತು. ನಿನ್ನೆ ಮಗನೇ ಪೆನ್‌ಡ್ರೈವಿನಿಂದ ತೆರೆದ. ವೈಫೈ, ಸೌಂಡ್ ಬಂತು, ಪ್ರಿಂಟರ್ ಬರಲಿಲ್ಲ. ಪೆರ್ಲದ ಅಣ್ಣ, ಶನಿವಾರ ಲ್ಯಾಪ್‌ಟಾಪ್ ತರ್ತೇವೆ, ಪ್ರಿಂಟರನ್ನೂ ತರಬೇಕಾ?